ಫಾರ್ಮ್ 9 ಮಾಡಿಸೋಕೆ ಮೊದಲು ಟೇಪ್ ಹಿಡೀರಿ

ಆಳಂದ ತಾಲೂಕಿನ ನಮ್ಮೂರ ಮನೆ ಅವ್ವನ ಹೆಸರಲ್ಲಿದೆ. ರಿಪೇರಿಗೆ ಸಾಲ ಕೇಳೋಕೆ ಹೋದರೆ ಬ್ಯಾಂಕಿನವರು ಕೈಬರಹದ ಖಾತಾ ನಕಲು ನಡೆಯಲ್ಲ, ಇ-ಸ್ವತ್ತಿನ (ಗ್ರಾಮ ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ಫಾರ್ಮ್ 9 ಮತ್ತು 11 ತನ್ನಿ ಅಂದರು. 9ರಲ್ಲಿ ಅಳತೆ, ಚೆಕ್ಕುಬಂದಿ (ನಾಲ್ಕೂ ದಿಕ್ಕಿಗೆ ಏನಿದೆ ಅನ್ನೋ ಗಡಿ ವಿವರ), ಮಾಲೀಕರ ಹೆಸರು ಇರುತ್ತೆ. 11ರಲ್ಲಿ ತೆರಿಗೆ ಲೆಕ್ಕ. ಏಜೆಂಟ್ ಬೇಡ ಅಂತ ನಾನೇ ಓಡಾಡಿದೆ.

ಅರ್ಜಿ ಹಾಕೋ ಮೊದಲು ಸುಮ್ನೆ ಒಂದು ಭಾನುವಾರ ತಮ್ಮನ ಜೊತೆ ಟೇಪ್ ಹಿಡಿದು ಅಳೆದೆ. ಖರೀದಿ ಪತ್ರದಲ್ಲಿ 30×40 ಅಡಿ, ಟೇಪಿನಲ್ಲಿ 28×43. ಪಕ್ಕದ ಮನೆ ಕಾಕಾ ಬಂದು ನಿಂತರು. ನಡುವಿನ ಗೋಡೆ ತೋರಿಸಿ "ಗ್ವಾಡಿ ಯಾರದು ಕಾಕಾ?" ಅಂದೆ. "ಇಬ್ಬರದೂ ತಮ್ಮಾ, ನಿಮ್ಮಪ್ಪ ನಾನು ಕೂಡೇ ಕಟ್ಟಿಸಿದ್ದು" ಅಂದರು. ಈ ಮಾತು ಯಾವ ಕಾಗದದಲ್ಲೂ ಇರಲಿಲ್ಲ.

ಅಳತೆಗಿಂತ ದೊಡ್ಡ ತಪ್ಪು ಚೆಕ್ಕುಬಂದಿಯಲ್ಲಿತ್ತು. ನಮ್ಮದು ಪೂರ್ವದ ಬಾಗಿಲು. 1986ರಲ್ಲಿ ಪತ್ರ ಬರೆದವರು ಮನೆ ಒಳಗಿಂದ ನೋಡಿದರೋ, ರಸ್ತೆಯಲ್ಲಿ ನಿಂತು ನೋಡಿದರೋ, ಎಡ-ಬಲ ಗೊಂದಲ ಆಗಿ ಉತ್ತರಕ್ಕೆ ಇರೋ ಕಾಕಾನ ಮನೆ ದಕ್ಷಿಣಕ್ಕೆ ಹೋಗಿತ್ತು. ಹಾಗೇ ಬಿಟ್ಟಿದ್ದರೆ ಸರ್ವೆಯರ್ ಸ್ಕೆಚ್ ಒಂದು ಹೇಳುತ್ತೆ, ಪತ್ರ ಇನ್ನೊಂದು ಹೇಳುತ್ತೆ, ಬ್ಯಾಂಕಿನ ವಕೀಲರು ಅಲ್ಲೇ ಬೆರಳಿಡ್ತಾರೆ ಅಲ್ವಾ. ಅದಕ್ಕೆ ತಿದ್ದುಪಡಿ ಪತ್ರ ಮಾಡಿಸಬೇಕಾಯಿತು. ಮಾರಿದವರ ಸಹಿಯೂ ಬೇಕು. ಅವರು ತೀರಿಕೊಂಡಿದ್ದರು, ಮಕ್ಕಳಿಬ್ಬರು ಸೋಲಾಪುರದಲ್ಲಿ. ಫೋನ್ ಮಾಡಿದರೆ ಮೊದಲು ಏನೋ ಜಗಳ ತೆಗೀತಾರೆ ಅಂದುಕೊಂಡರು, ಕಾಗದದ ಫೋಟೋ ಕಳಿಸಿದ ಮೇಲೆ ಮೆತ್ತಗಾದರು. ಶರಣಬಸವೇಶ್ವರ ಜಾತ್ರೆಗೆ ಕಲಬುರಗಿಗೆ ಬಂದವರನ್ನು ಹಿಡಿದು ಸಬ್ ರಿಜಿಸ್ಟ್ರಾರ್ ಮುಂದೆ ಕೂರಿಸಿದೆ. ಚಹಾ, ಊಟದ ಖರ್ಚು ನನ್ನದೇ!

ಉಳಿದದ್ದು ಬೇಗ ಆಯಿತು. ಪಂಚಾಯಿತಿಗೆ ಅರ್ಜಿ, ತೆರಿಗೆ ರಸೀದಿ, ಆಧಾರ್, ಪತ್ರದ ನಕಲು ಕೊಟ್ಟೆ. ಸರ್ವೆಯರ್ ಬಂದು ಅಳೆದರು, ಸ್ಕೆಚ್ ಮೀಟರ್‌ನಲ್ಲಿ ಬಂತು: 8.53×13.11. ನಮ್ಮ ಟೇಪಿನ ಲೆಕ್ಕಕ್ಕೆ ಸರಿಹೊಂದಿತು. ಆಸ್ತಿ ಮೇಲೆ ನೋಂದಣಿಯಾದ ವ್ಯವಹಾರ ತೋರಿಸೋ ಋಣಭಾರ ಪತ್ರವನ್ನು (ಇಸಿ) ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲೇ ತೆಗೆದೆ. ಆ ಅವಧಿಯಲ್ಲಿ ನೋಂದಣಿಯಾದ ವ್ಯವಹಾರ ಇದ್ದರೆ ಫಾರ್ಮ್ 15, ಏನೂ ಇಲ್ಲದಿದ್ದರೆ ಫಾರ್ಮ್ 16. ನಮ್ಮದು 15 ಬಂತು, ತಿದ್ದುಪಡಿ ಪತ್ರವೂ ಅದರಲ್ಲಿ ಕಾಣಿಸಿತು.

ಒಂದು ಮಾತು. ಫಾರ್ಮ್ 11ರಲ್ಲಿ ಎ, ಬಿ ಅಂತ ಎರಡು ಇವೆ. ನಮ್ಮ ಜಾಗ ಗ್ರಾಮಠಾಣಾ (ಊರಿನ ವಾಸದ ಜಾಗ) ಒಳಗಿತ್ತು, ಹಾಗಾಗಿ 11ಎ ಸಿಕ್ಕಿತು. ಊರ ಹೊರಗೆ, ಲೇಔಟ್ ಮಂಜೂರಾತಿ ಇಲ್ಲದ ಜಾಗಕ್ಕೆ ಬರೋದು 11ಬಿ. ಅದನ್ನು ನೋಡಿದರೆ ಬ್ಯಾಂಕಿನವರು ಸಾಮಾನ್ಯವಾಗಿ ಮುಖ ತಿರುಗಿಸ್ತಾರೆ. ಪ್ಲಾಟ್ ಕೊಳ್ಳೋ ಮೊದಲೇ ಇದನ್ನು ಕೇಳಿಕೊಳ್ಳಿ.

ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಡಿಜಿಟಲ್ ಸಹಿ ಆದ ಮೇಲೆ ಪ್ರಿಂಟ್ ತಂದು ಅವ್ವನ ಕೈಗೆ ಕೊಟ್ಟೆ. ಅಳತೆ, ಚೆಕ್ಕುಬಂದಿ ಯಾವುದನ್ನೂ ನೋಡಲಿಲ್ಲ, ಅದರಲ್ಲಿದ್ದ ಮನೆ ಫೋಟೋ ಮಾತ್ರ ನೋಡಿದರು. ಅಂಗಳದ ಹಗ್ಗದ ಮೇಲೆ ಒಗೆದ ಬಟ್ಟೆ ಸಾಲಾಗಿ ನೇತಾಡ್ತಿತ್ತು. "ಫೋಟೋ ತೆಗೀತಾರಂತ ಮೊದಲ ಹೇಳಬಾರದೇನು, ಅರಬಿ ತೆಗೀತಿದ್ದೆ" ಅಂತ ಬೈದರು.