ಕಾರಿಗೆ ಸಣ್ಣ ಗುದ್ದು ಬಿತ್ತು, ಈಗ ಏನು ಮಾಡಬೇಕು?

ಸಿಲ್ಕ್ ಬೋರ್ಡ್ ಹತ್ತಿರ ಗಾಡಿಗಳು ತೆವಳುವಾಗಲೂ ಬಂಪರ್‌ಗೆ ಬಂಪರ್ ತಾಗುತ್ತದೆ. ಮೊದಲು ಬರುವುದೇ ಕೋಪ, ಬಾಗಿಲು ತೆಗೆದು ಕೂಗಾಡೋಣ ಅನಿಸುತ್ತದೆ. ದಯವಿಟ್ಟು ಬೇಡ. ಗಾಡಿ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಹಿಂದಿನಿಂದ ಯಾರೂ ಬರುತ್ತಿಲ್ಲ ಅಂತ ಕನ್ನಡಿಯಲ್ಲಿ ನೋಡಿಕೊಂಡು ಇಳಿಯಿರಿ. ತಪ್ಪು ಯಾರದ್ದೇ ಇರಲಿ, ನಿಲ್ಲಿಸದೆ ಹೋಗಬೇಡಿ.

ಗೀರು ಎಷ್ಟು ಉದ್ದ ಇದೆ ಅಂತ ಆಮೇಲೆ ನೋಡಬಹುದು, ಮೊದಲು ಮನುಷ್ಯರನ್ನು ನೋಡಿ. ಬೈಕ್‌ನವರು ಬಿದ್ದರೆ ನಾಚಿಕೆಗೋ ಗಾಬರಿಗೋ ತಕ್ಷಣ ಎದ್ದು "ಏನೂ ಆಗಿಲ್ಲ ಬಿಡಿ ಸಾರ್" ಅಂದುಬಿಡುತ್ತಾರೆ. ನಂಬಬೇಡಿ. ಪಕ್ಕಕ್ಕೆ ಕೂರಿಸಿ, ತಲೆ ಸುತ್ತುತ್ತಿದೆಯಾ, ಕುತ್ತಿಗೆ ನೋಯುತ್ತಿದೆಯಾ ಕೇಳಿ. ಅನುಮಾನ ಬಂದರೆ 108ಕ್ಕೆ ಫೋನ್ ಮಾಡಿ. ಯಾರಿಗಾದರೂ ಪೆಟ್ಟಾಗಿದ್ದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಚಾಲಕನ ಜವಾಬ್ದಾರಿ, ಮೋಟಾರು ವಾಹನ ಕಾಯ್ದೆಯಲ್ಲೇ ಹಾಗಿದೆ. 112ಕ್ಕೆ ಅಲ್ಲಿಂದಲೇ ಕರೆ ಮಾಡಿದರೆ ಇನ್ನೂ ಒಳ್ಳೆಯದು.

ಯಾರಿಗೂ ಏನೂ ಆಗಿಲ್ಲವಾ? ಹಾಗಾದರೆ ಬೇಗ ಫೋಟೋ ತೆಗೆದು, ಗಾಡಿಯನ್ನು ಬದಿಗೆ ಹಾಕಿ. ಫ್ಲೈಓವರ್ ಮೇಲೆ ನಿಂತು ವಾದ ಮಾಡಿದರೆ ಹಿಂದೆ ಆಂಬುಲೆನ್ಸ್ ಸಿಕ್ಕಿಕೊಳ್ಳಬಹುದು. ಫೋಟೋ ವಿಷಯದಲ್ಲಿ ನನಗೆ ಪಾಠ ಆಗಿದೆ. ಮೈಸೂರು ರಸ್ತೆಯಲ್ಲಿ ಒಂದು ವ್ಯಾನ್ ಹಿಂದಿನಿಂದ ಗುದ್ದಿದಾಗ ನೆಗ್ಗಿದ ಜಾಗವನ್ನು ಮಾತ್ರ ಹತ್ತಿರದಿಂದ ತೆಗೆದಿದ್ದೆ, ಎಲ್ಲಿ ಆಯಿತು, ಯಾವ ಗಾಡಿ ಯಾವ ಕಡೆ ಇತ್ತು ಅಂತ ಆ ಫೋಟೋದಲ್ಲಿ ಗೊತ್ತೇ ಆಗುತ್ತಿರಲಿಲ್ಲ. ಅದಕ್ಕೆ ಹೇಳುತ್ತೇನೆ, ನಾಲ್ಕು ಹೆಜ್ಜೆ ಹಿಂದೆ ಸರಿದು ಎರಡೂ ಗಾಡಿ, ಎರಡೂ ನಂಬರ್ ಪ್ಲೇಟ್ ಒಟ್ಟಿಗೆ ಬರುವ ಹಾಗೆ ತೆಗೆಯಿರಿ. ಅಂಗಡಿ ಬೋರ್ಡೋ ಮೆಟ್ರೊ ಕಂಬದ ನಂಬರೋ ಕಾಣಲಿ. ಡ್ಯಾಶ್‌ಕ್ಯಾಮ್ ಇದ್ದರೆ ಆ ವಿಡಿಯೊವನ್ನು ಅವತ್ತೇ ತೆಗೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಅದರ ಮೇಲೆ ಹೊಸದು ರೆಕಾರ್ಡ್ ಆಗಿ ಅಳಿಸಿಹೋಗುತ್ತದೆ.

ಹೆಸರು, ಫೋನ್ ನಂಬರ್, ಇನ್ಶೂರೆನ್ಸ್ ವಿವರ ಪರಸ್ಪರ ತೆಗೆದುಕೊಳ್ಳಿ. ಆ ನಂಬರಿಗೆ ಅಲ್ಲೇ ಒಂದು ಮಿಸ್ಡ್ ಕಾಲ್ ಕೊಡಿ. ಗುಂಪು ಸೇರಿ "ದುಡ್ಡು ಕೊಟ್ಟು ಹೋಗಿ" ಅಂತ ಒತ್ತಾಯ ಮಾಡಿದರೆ ಕಾರಿನೊಳಗೆ ಕೂತು 112ಕ್ಕೆ ಕರೆ ಮಾಡಿ. ಕೀ, ಲೈಸೆನ್ಸ್ ಯಾರ ಕೈಗೂ ಕೊಡಬೇಡಿ, ಪೊಲೀಸರಿಗೆ ಡಿಜಿಲಾಕರ್‌ನಲ್ಲಿ ತೋರಿಸಿದರೂ ನಡೆಯುತ್ತದೆ. ಇಬ್ಬರೂ ಒಪ್ಪಿ ದುಡ್ಡಲ್ಲೇ ಮುಗಿಸುವುದಾದರೆ ಯುಪಿಐನಲ್ಲಿ ಕೊಡಿ, "ವಿಷಯ ಇಲ್ಲಿಗೆ ಮುಗಿಯಿತು" ಅಂತ ಒಂದು ಮೆಸೇಜ್ ಹಾಕಿಸಿಕೊಳ್ಳಿ.

ಇನ್ನು ಕ್ಲೇಮ್. ರಿಪೇರಿಗೆ ಬಿಡುವ ಮೊದಲೇ ಇನ್ಶೂರೆನ್ಸ್ ಕಂಪನಿಗೆ ತಿಳಿಸಬೇಕು, ನಷ್ಟ ಎಷ್ಟು ಅಂತ ಅಂದಾಜು ಮಾಡುವ ಅವರ ಸರ್ವೇಯರ್ ನೋಡಬೇಕಲ್ವಾ. ಆದರೆ ಸಣ್ಣ ಗೀರಿಗೆಲ್ಲ ಕ್ಲೇಮ್ ಮಾಡಬೇಡಿ, ಇಲ್ಲೇ ಜಾಸ್ತಿ ಜನ ಲೆಕ್ಕ ತಪ್ಪುವುದು. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ನಿಮ್ಮ ಗಾಡಿಯ ಡ್ಯಾಮೇಜ್ ಭಾಗದ ಪ್ರೀಮಿಯಂನಲ್ಲಿ 50% ನೋ ಕ್ಲೇಮ್ ಬೋನಸ್, ಅಂದರೆ ರಿಯಾಯಿತಿ, ಸಿಗುತ್ತದೆ. ಆ ಭಾಗ 10,000 ರೂಪಾಯಿ ಅಂದುಕೊಳ್ಳಿ, ಉಳಿತಾಯ 5,000. ಈಗ 3,000 ರೂಪಾಯಿಯ ಪೇಂಟಿಂಗ್‌ಗೆ ಕ್ಲೇಮ್ ಹಾಕಿದರೆ 1500 ಸಿಸಿ ಒಳಗಿನ ಕಾರಿಗೆ 1,000 ರೂಪಾಯಿ ಹೇಗೂ ನೀವೇ ಕಟ್ಟಬೇಕು, ಕೈಗೆ ಬರುವುದು ಹೆಚ್ಚೆಂದರೆ 2,000, ಕ್ಲೇಮ್ ಮಾಡಿದರೂ ಬೋನಸ್ ಉಳಿಸುವ ಬೋನಸ್ ಪ್ರೊಟೆಕ್ಷನ್ ತೆಗೆದುಕೊಂಡಿಲ್ಲದಿದ್ದರೆ ಮುಂದಿನ ವರ್ಷ ಆ 5,000 ಹೋಯಿತು. ಹಾಗಾಗಿ ಮೊದಲು ಗ್ಯಾರೇಜಿನಲ್ಲಿ ಎಸ್ಟಿಮೇಟ್ ಹಾಕಿಸಿ. ಹೆಡ್‌ಲೈಟ್ ಒಡೆದು, ಬಾನೆಟ್ ನೆಗ್ಗಿ ಬಿಲ್ ಇಪ್ಪತ್ತು ಮೂವತ್ತು ಸಾವಿರ ದಾಟುವ ಹಾಗಿದ್ದರೆ ಯೋಚನೆ ಮಾಡದೆ ಕ್ಲೇಮ್ ಹಾಕಿ.

ಮನೆಗೆ ಹೊರಡುವ ಮೊದಲು ಒಮ್ಮೆ ಬಗ್ಗಿ ಕಾರಿನ ಅಡಿ ನೋಡಿ. ನೀರೋ ಆಯಿಲ್ಲೋ ತೊಟ್ಟಿಕ್ಕುತ್ತಿದ್ದರೆ, ಇಲ್ಲಾ ಬಂಪರ್ ಟೈರಿಗೆ ಉಜ್ಜುತ್ತಿದ್ದರೆ ಓಡಿಸಬೇಡಿ, ಟೋಯಿಂಗ್‌ಗೆ ಫೋನ್ ಮಾಡಿ.