1.008 ಎಲ್ಲಿಂದ ಬಂತು? ಹೈಡ್ರೋಜನ್ ಸಮಸ್ಥಾನಿಗಳನ್ನು ಲೆಕ್ಕ ಹಾಕಿ, ತೂಗಿ ಕಲಿಸಿದ ನನ್ನ ಅನುಭವ

ಬೆಂಗಳೂರಿನ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು ಪ್ರತಿ ವರ್ಷ ಮೊದಲ ಸೆಮಿಸ್ಟರ್‌ನ ವಿದ್ಯಾರ್ಥಿಗಳನ್ನು ಒಂದು ಪ್ರಶ್ನೆ ಕೇಳುತ್ತೇನೆ: ಹೈಡ್ರೋಜನ್ನಿನ ಪರಮಾಣು ರಾಶಿ ಸರಿಯಾಗಿ 1 ಆಗಿರದೆ 1.008 ಆಗಿರುವುದು ಏಕೆ? ಪ್ರಕೃತಿಯಲ್ಲಿ ಹೈಡ್ರೋಜನ್ನಿನ ಭಾರದ ಸಮಸ್ಥಾನಿ, ಅಂದರೆ ಪ್ರೋಟಾನ್ ಅಷ್ಟೇ ಇದ್ದು ನ್ಯೂಟ್ರಾನ್ ಒಂದು ಹೆಚ್ಚಿರುವ ರೂಪವಾದ ಡ್ಯುಟೀರಿಯಂ ಕೂಡ ಬೆರೆತಿರುವುದರಿಂದ ಸರಾಸರಿ ಸ್ವಲ್ಪ ಮೇಲೇರುತ್ತದೆ ಎಂದು ಹೆಚ್ಚಿನವರು ತಡವರಿಸದೆ ಉತ್ತರಿಸುತ್ತಾರೆ. ಕ್ಲೋರಿನ್ನಿನ 35.5ಕ್ಕೆ ಈ ವಿವರಣೆ ಚೆನ್ನಾಗಿ ಹೊಂದುತ್ತದೆ; ಹೈಡ್ರೋಜನ್ನಿಗೆ ಹೊಂದುವುದಿಲ್ಲ. ಅದನ್ನು ಬಾಯಿಮಾತಿನಲ್ಲಿ ತಿದ್ದುವುದಕ್ಕಿಂತ ಅವರ ಕೈಯಿಂದಲೇ ಲೆಕ್ಕ ಮಾಡಿಸುವುದು, ಆಮೇಲೆ ಪ್ರಯೋಗಾಲಯದಲ್ಲಿ ತೂಗಿಸುವುದು ನಾನು ರೂಢಿಸಿಕೊಂಡ ಕ್ರಮ.

ಮೊದಲು ರಾಶಿ ಸಂಖ್ಯೆಗಳನ್ನೇ ಹಿಡಿದು ಲೆಕ್ಕ ಹಾಕಿಸುತ್ತೇನೆ. ಕೋಷ್ಟಕಗಳು ಕೊಡುವಂತೆ ಪ್ರೋಟಿಯಂ (ನ್ಯೂಟ್ರಾನ್ ಇಲ್ಲದ ಸಾಮಾನ್ಯ ಹೈಡ್ರೋಜನ್) ಶೇಕಡಾ 99.9885, ಡ್ಯುಟೀರಿಯಂ ಶೇಕಡಾ 0.0115, ಅವುಗಳ ರಾಶಿ 1 ಮತ್ತು 2 ಎಂದುಕೊಂಡರೆ ಸರಾಸರಿ ಕೇವಲ 1.000115 ಬರುತ್ತದೆ. ಹೀಗೆಯೇ 1.008 ಬರಬೇಕಾದರೆ ಸುಮಾರು 125 ಪರಮಾಣುಗಳಿಗೆ ಒಂದು ಡ್ಯುಟೀರಿಯಂ ಇರಬೇಕಿತ್ತು. ಇರುವುದು ಸುಮಾರು 8,700ಕ್ಕೆ ಒಂದು. ಈಗ ನಿಜವಾದ ರಾಶಿಗಳನ್ನು, ಅಂದರೆ ಪ್ರೋಟಿಯಂಗೆ 1.007825 ಮತ್ತು ಡ್ಯುಟೀರಿಯಂಗೆ 2.014102 ಏಕಮಾನಗಳನ್ನು, ಇಟ್ಟು ಮತ್ತೆ ಲೆಕ್ಕ ಹಾಕಿದರೆ 1.007941 ಸಿಗುತ್ತದೆ. ಈ ಸಂಖ್ಯೆಯಲ್ಲಿ ಡ್ಯುಟೀರಿಯಂ ಸೇರಿಸಿದ ಪಾಲು 0.000116 ಮಾತ್ರ, ಉಳಿದ 0.007825 ಪ್ರೋಟಿಯಂನದೇ ಸ್ವಂತದ್ದು. ಮೂರನೆಯದಾದ ಟ್ರೈಟಿಯಂನ ರಾಶಿ 3.016049, ಅರ್ಧಾಯುಷ್ಯ ಸುಮಾರು 12.3 ವರ್ಷ, ಪ್ರಕೃತಿಯಲ್ಲಿ ಅದು ಎಷ್ಟು ವಿರಳವೆಂದರೆ ಸರಾಸರಿಯ ಲೆಕ್ಕಕ್ಕೆ ಬರುವುದೇ ಇಲ್ಲ.

ಹಾಗಾದರೆ ಪ್ರೋಟಿಯಂ ಏಕೆ 1 ಅಲ್ಲ ಎಂಬ ಪ್ರಶ್ನೆಗೆ ಉತ್ತರ ಇರುವುದು ಹೈಡ್ರೋಜನ್ನಿನಲ್ಲಲ್ಲ, ಕಾರ್ಬನ್ನಿನಲ್ಲಿ. 1961ರಿಂದ ರಸಾಯನಶಾಸ್ತ್ರದ ಅಳತೆಗೋಲು ಕಾರ್ಬನ್-12. ಅದರ ಒಂದು ಪರಮಾಣುವಿನ ಹನ್ನೆರಡನೆಯ ಒಂದು ಭಾಗವೇ ಏಕಮಾನ. ಅದರಲ್ಲಿರುವುದು ಆರಾರು ಪ್ರೋಟಾನ್, ಎಲೆಕ್ಟ್ರಾನ್ ಮತ್ತು ನ್ಯೂಟ್ರಾನುಗಳು; ಅವಕ್ಕೆ ಸಮನಾಗಿ ಆರು ಹೈಡ್ರೋಜನ್ ಪರಮಾಣುಗಳನ್ನೂ, ತಲಾ 1.008665 ಏಕಮಾನದ ಆರು ನ್ಯೂಟ್ರಾನುಗಳನ್ನೂ ಬಿಡಿಬಿಡಿಯಾಗಿ ಕೂಡಿಸಿದರೆ 12.09894 ಆಗುತ್ತದೆ, ಕಾರ್ಬನ್ ಪರಮಾಣು ಇರುವುದು 12. ಕಾಣೆಯಾದ 0.09894 ಏಕಮಾನ, ನ್ಯೂಕ್ಲಿಯಸ್ ಕಟ್ಟಿಕೊಳ್ಳುವಾಗ ಹೊರಬೀಳುವ ಸುಮಾರು 92 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಬಂಧಕ ಶಕ್ತಿಗೆ ಸಮ. ಒಂಟಿ ಪ್ರೋಟಾನಿನ ಪ್ರೋಟಿಯಂ ಹೀಗೆ ಏನನ್ನೂ ಕಳೆದುಕೊಂಡಿಲ್ಲ. ಸೇರೇ ಕಿರಿದಾದರೆ ಅದೇ ಅಕ್ಕಿ ಹೆಚ್ಚು ಸೇರು ಅಳೆಯುವಂತೆ, ಕಟ್ಟಿಕೊಂಡು ಹಗುರವಾದ ಕಾರ್ಬನ್ನಿನಿಂದ ಅಳೆದಾಗ ಬಿಡಿ ಹೈಡ್ರೋಜನ್ 1ಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಡ್ಯುಟೀರಿಯಂನಲ್ಲಿ ಪ್ರೋಟಾನ್ ಮತ್ತು ನ್ಯೂಟ್ರಾನ್ ಬೆಸೆದಿದ್ದರೂ ಆ ಬೆಸುಗೆ ಕೇವಲ 2.22 ಮಿಲಿಯನ್ ಎಲೆಕ್ಟ್ರಾನ್ ವೋಲ್ಟಿನದು. ಆದ್ದರಿಂದಲೇ ಅದೂ 2ನ್ನು ದಾಟಿ ನಿಲ್ಲುತ್ತದೆ.

ಡ್ಯುಟೀರಿಯಂನ ಪತ್ತೆಗೂ ಇಂಥ ದಶಮಾಂಶಗಳೇ ಪ್ರೇರಣೆಯಾದವು ಎಂಬುದನ್ನು ನಾನು ತಪ್ಪದೆ ಹೇಳುತ್ತೇನೆ. ಬ್ರಿಟಿಷ್ ವಿಜ್ಞಾನಿ ಆಸ್ಟನ್ ಮಾಸ್ ಸ್ಪೆಕ್ಟ್ರೋಗ್ರಾಫ್ ಎಂಬ ಉಪಕರಣದಿಂದ ಅಳೆದಿದ್ದ ಹೈಡ್ರೋಜನ್ ರಾಶಿಗೂ ರಾಸಾಯನಿಕ ವಿಧಾನದ ಬೆಲೆಗೂ ಹೊಂದಾಣಿಕೆ ಇಲ್ಲವೆಂದು ತೋರಿಸಿದ ಬರ್ಜ್ ಮತ್ತು ಮೆಂಜೆಲ್, 1931ರಲ್ಲಿ, ಸುಮಾರು 4,500ಕ್ಕೆ ಒಂದರಂತೆ ಭಾರದ ಹೈಡ್ರೋಜನ್ ಇರಬೇಕೆಂದು ಊಹಿಸಿದರು. ಅದೇ ವರ್ಷ ಯೂರಿ, ಬ್ರಿಕ್‌ವೆಡ್ ಮತ್ತು ಮರ್ಫಿ ದ್ರವ ಹೈಡ್ರೋಜನ್ನನ್ನು ಆವಿಯಾಗಿಸಿ, ಉಳಿದ ಭಾಗದ ವರ್ಣಪಟಲದಲ್ಲಿ ಅದರ ಗೆರೆಗಳನ್ನು ಕಂಡರು. 1934ರ ನೊಬೆಲ್ ಯೂರಿಗೆ ಸಂದಿತು. ಆಮೇಲೆ ಆಸ್ಟನ್ ತಮ್ಮ ಬೆಲೆಯನ್ನು ತಿದ್ದಿಕೊಂಡಾಗ ಆ ಹೊಂದಾಣಿಕೆಯ ಕೊರತೆಯೇ ಅಳಿದುಹೋಯಿತು, ಡ್ಯುಟೀರಿಯಂ ಮಾತ್ರ ಉಳಿಯಿತು.

ಈ ಪ್ರಮಾಣ ಎಲ್ಲೆಡೆಯೂ ಒಂದೇ ಅಲ್ಲ. ಕಡಲ ನೀರಿನಲ್ಲಿ ಸುಮಾರು 6,400ಕ್ಕೆ ಒಂದು ಡ್ಯುಟೀರಿಯಂ ಇದೆ. ಅರಬ್ಬಿ ಸಮುದ್ರದಿಂದ ಎದ್ದ ಮೋಡ ಪಶ್ಚಿಮ ಘಟ್ಟ ಹತ್ತುತ್ತ ಮಳೆ ಸುರಿಸುವಾಗ ಭಾರದ ಅಣುಗಳು ಹೆಚ್ಚಿನ ಪಾಲಿನಲ್ಲಿ ಮೊದಲೇ ಇಳಿಯುವುದರಿಂದ, ಒಳನಾಡಿನತ್ತ ಸಾಗುವ ಆವಿಯಲ್ಲಿ ಡ್ಯುಟೀರಿಯಂ ಕಡಿಮೆಯಾಗುತ್ತ ಬರುತ್ತದೆ. ಈ ಬಗೆಯ ವ್ಯತ್ಯಾಸಗಳ ಕಾರಣದಿಂದಲೇ ಈಗ ಹೈಡ್ರೋಜನ್ನಿಗೆ 1.00784ರಿಂದ 1.00811ರವರೆಗಿನ ವ್ಯಾಪ್ತಿಯನ್ನು ಅಧಿಕೃತವಾಗಿ ಕೊಡಲಾಗುತ್ತಿದೆ.

ತೂಗುವ ಪಾಠಕ್ಕೆ ಎನ್‌ಎಂಆರ್ (ಕಾಂತಕ್ಷೇತ್ರದ ನೆರವಿನಿಂದ ಅಣುಗಳ ರಚನೆ ತಿಳಿಯುವ ವಿಧಾನ) ಕೆಲಸಕ್ಕೆಂದು ಮಾರುವ, ಹೈಡ್ರೋಜನ್ನಿನ ಜಾಗದಲ್ಲಿ ಶೇಕಡಾ 99.9 ಡ್ಯುಟೀರಿಯಂ ಇರುವ ನೀರನ್ನು, ಅಂದರೆ ಭಾರಜಲವನ್ನು ತರಿಸುತ್ತೇನೆ. ಕೈಗಾದ ರಿಯಾಕ್ಟರುಗಳಲ್ಲಿ ನ್ಯೂಟ್ರಾನುಗಳ ವೇಗ ತಗ್ಗಿಸುವುದು ಇದೇ ದ್ರವ ಎಂದು ತಿಳಿದಾಗ ವಿದ್ಯಾರ್ಥಿಗಳು ಸೀಸೆಯನ್ನು ಹಿಡಿಯುವ ರೀತಿಯೇ ಬದಲಾಗುತ್ತದೆ. ದ್ರವಗಳ ಸಾಂದ್ರತೆ ಹೋಲಿಸಲು ಬಳಸುವ 10 ಮಿಲಿಲೀಟರಿನ ಸ್ಪೆಸಿಫಿಕ್ ಗ್ರಾವಿಟಿ ಬಾಟಲಿಯನ್ನು ಅಸಿಟೋನಿನಿಂದ ತೊಳೆದು, ಒಣಗಿಸಿ, ಖಾಲಿ ತೂಕ ತೆಗೆದು, ಕುದಿಸಿ ಆರಿಸಿದ ಬಟ್ಟಿ ನೀರನ್ನು ತುಂಬಿ, 25 ಡಿಗ್ರಿಯ ನೀರಿನ ತೊಟ್ಟಿಯಲ್ಲಿ ಇಳಿಬಿಟ್ಟು, ಹೊರಮೈ ಒರೆಸಿ ತೂಗಬೇಕು. ಮತ್ತೆ ಒಣಗಿಸಿ ಭಾರಜಲದಿಂದ ಹಾಗೆಯೇ ಮಾಡಬೇಕು. ಭಾರಜಲ ಗಾಳಿಯ ತೇವವನ್ನು ಹೀರಿಕೊಂಡು ತನ್ನ ಡ್ಯುಟೀರಿಯಂ ಅನ್ನು ಹೈಡ್ರೋಜನ್ನಿನೊಂದಿಗೆ ವಿನಿಮಯ ಮಾಡಿಕೊಳ್ಳುವುದರಿಂದ ಮುಚ್ಚಳ ತೆರೆದಿಡುವಂತಿಲ್ಲ; ಈ ಪ್ರಯೋಗವನ್ನು ನಾನು ಮಳೆಗಾಲದಲ್ಲಿ ಮಾಡಿಸದೆ ಫೆಬ್ರವರಿ, ಮಾರ್ಚ್‌ನ ಒಣ ಹವೆಗೆ ಕಾಯುತ್ತೇನೆ.

ಒಂದೇ ಬಾಟಲಿಯಲ್ಲಿ ಎರಡು ದ್ರವಗಳಿಗೆ ಒಂದು ಗ್ರಾಮಿಗಿಂತ ತುಸು ಹೆಚ್ಚಿನ ವ್ಯತ್ಯಾಸ ಬರುತ್ತದೆ, ತೂಕಗಳ ಅನುಪಾತ ಸುಮಾರು 1.107 ಇರುತ್ತದೆ. ಅದನ್ನು ನೀರಿನ ಅಣು ರಾಶಿಯಾದ 18.015ರಿಂದ ಗುಣಿಸಿ, ಆಕ್ಸಿಜನ್ನಿನ 15.999 ಕಳೆದು, ಎರಡರಿಂದ ಭಾಗಿಸಿದರೆ ಡ್ಯುಟೀರಿಯಂಗೆ 1.97 ಸಿಗುತ್ತದೆ. ನಿಜವಾದ ಬೆಲೆ 2.014. ಸಮ ಗಾತ್ರದಲ್ಲಿ ಸಮ ಸಂಖ್ಯೆಯ ಅಣುಗಳಿವೆ ಎಂದು ಇಲ್ಲಿ ಭಾವಿಸಿದ್ದೇವೆ. ವಾಸ್ತವದಲ್ಲಿ ಭಾರಜಲದ ಅಣುಗಳು ಸಾಮಾನ್ಯ ನೀರಿನವಕ್ಕಿಂತ ಶೇಕಡಾ 0.4ರಷ್ಟು ಹೆಚ್ಚು ಜಾಗ ತೆಗೆದುಕೊಳ್ಳುತ್ತವೆ. ಆ ತಿದ್ದುಪಡಿಯನ್ನು ಸೇರಿಸಿ ಮತ್ತೆ ಲೆಕ್ಕ ಹಾಕುವ ಕೆಲಸವನ್ನು ನಾನು ವಿದ್ಯಾರ್ಥಿಗಳ ದಾಖಲೆ ಪುಸ್ತಕಕ್ಕೇ ಬಿಡುತ್ತೇನೆ.