ಕನ್ನಡ ಕೆಡದಂತೆ ಪಿಡಿಎಫ್ ಮಾಡುವುದು ಹೇಗೆ?

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕಳೆದ ಮಳೆಗಾಲದಲ್ಲಿ ಪೆನ್‌ಡ್ರೈವ್ ಹಿಡಿದು ನಮ್ಮನೆಗೆ ಬಂದಿದ್ದರು. ಎಲ್ಲೋ ಟೈಪ್ ಮಾಡಿಸಿದ ಮನವಿ ಪತ್ರ, ಪಿಡಿಎಫ್ ಕೂಡ ಮಾಡಿಸಿಯಾಗಿತ್ತು. ತೆರೆದರೆ ‘ಕನ್ನಡ’ ಅಂತ ಇರಬೇಕಾದ ಕಡೆ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆ ಮೇಲೆ ಗೆರೆ ಹೊತ್ತ ಎ, ಆಮೇಲೆ ಪೌಂಡಿನ ಗುರುತು! ಎರಡು ಬಸ್ ಬದಲಿಸಿ ಶಿವಮೊಗ್ಗಕ್ಕೆ ಹೋಗಿ, ಅರ್ಜಿ ವಾಪಸ್ ತಂದಿದ್ದರು ಪಾಪ.

ಇದು ಯಾಕೆ ಹೀಗಾಗುತ್ತದೆ ಅಂದರೆ, ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ಗಳು (ಅಕ್ಷರದ ಆಕಾರಗಳ ಫೈಲು) ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತವೆ. ಆ ಫಾಂಟ್ ಪಿಡಿಎಫ್ ಒಳಗೇ ಸೇರಿರದಿದ್ದರೆ, ಬೇರೆ ಕಂಪ್ಯೂಟರಿನಲ್ಲಿ ಬರೀ ಇಂಗ್ಲಿಷ್ ಕಾಣುತ್ತದೆ. ಸೇರಿದ್ದರೂ ಕಾಪಿ ಮಾಡಿದರೆ ಮತ್ತದೇ ಕಥೆ.

ಹಾಗಾಗಿ ಮೊದಲು ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ, ಅಂದರೆ ಕನ್ನಡದ ಅಕ್ಷರಕ್ಕೆ ಅದರದೇ ಸಂಕೇತ ಇರುವ ಪದ್ಧತಿಗೆ, ಬದಲಿಸಿ. ‘ನುಡಿ’, ‘ಬರಹ’ ಎರಡೂ ತಂತ್ರಾಂಶಗಳಲ್ಲಿ ಅದಕ್ಕೆ ಪರಿವರ್ತಕ ಇದೆ. ಬದಲಿಸಿದ ಮೇಲೆ ಸುಮ್ನೆ ಕಣ್ಣಾಡಿಸಿದರೆ ಸಾಲದು. ಒತ್ತಕ್ಷರ, ಅರ್ಕಾವತ್ತು, ದೀರ್ಘ ಎಲ್ಲವನ್ನೂ ಬೆರಳಿಟ್ಟು ಓದಿ. ಹೆಸರು ಮತ್ತು ಸರ್ವೆ ನಂಬರನ್ನು ಪಹಣಿ ಪಕ್ಕದಲ್ಲಿಟ್ಟುಕೊಂಡು ಎರಡು ಸಲ ನೋಡಿ. ಇಲ್ಲಿ ಕಾಲು ಗಂಟೆ ಜಾಸ್ತಿ ಹೋದರೂ ಪರವಾಗಿಲ್ಲ.

ಈಗ ಪಿಡಿಎಫ್. ವರ್ಡ್‌ನಲ್ಲಿ ‘ಸೇವ್ ಆ್ಯಸ್’ ಒತ್ತಿ ಪಿಡಿಎಫ್ ಆರಿಸಿ. ಅಲ್ಲೇ ‘ಆಪ್ಷನ್ಸ್’ ಒಳಗೆ ‘ಪಿಡಿಎಫ್/ಎ’ ಅಂತ ಇರುತ್ತದೆ, ಟಿಕ್ ಮಾಡಿ. ದಾಖಲೆಗಳನ್ನು ವರ್ಷಗಟ್ಟಲೆ ಕಾಪಿಡಲೆಂದು 2005ರಲ್ಲಿ ಬಂದ ಐಎಸ್‌ಒ (ಅಂತರರಾಷ್ಟ್ರೀಯ ಮಾನಕ ಸಂಸ್ಥೆ) ಮಾದರಿ ಅದು. ಬಳಸಿದ ಫಾಂಟ್ ಫೈಲಿನೊಳಗೇ ಇರಬೇಕು ಅನ್ನುವುದು ಅದರ ನಿಯಮ. ವರ್ಡ್ ಇಲ್ಲವೇ? ಲಿಬ್ರೆ ಆಫೀಸ್ ಹಾಕಿಕೊಳ್ಳಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ, ‘ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್’ನಲ್ಲಿ ಇದೇ ಆಯ್ಕೆ ಸಿಗುತ್ತದೆ. ನಾನಂತೂ ಅದನ್ನೇ ಬಳಸುವುದು. ಎರಡಕ್ಕೂ ಇಂಟರ್ನೆಟ್ ಬೇಡ. ಆರಿದ್ರಾ ಮಳೆಗೆ ಕರೆಂಟು, ನೆಟ್ಟು ಎರಡೂ ಹೋದರೂ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಕೆಲಸ ಮುಗಿಯುತ್ತದೆ, ಅಲ್ವಾ?

‘ಉಚಿತವಾಗಿ ಪಿಡಿಎಫ್ ಮಾಡಿಕೊಡುತ್ತೇವೆ’ ಅನ್ನುವ ವೆಬ್‌ಸೈಟಿಗೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಾಕಲೇಬೇಡಿ. ನಿಮ್ಮ ಕಾಗದ ಯಾರದೋ ಕಂಪ್ಯೂಟರಿಗೆ ಹೋಗಿ ಕೂರುತ್ತದೆ. ಪರದೆಯ ಫೋಟೊ ತೆಗೆದು ಅದನ್ನೇ ಪಿಡಿಎಫ್ ಮಾಡುವುದೂ ಬೇಡ. ದೊಡ್ಡದು ಮಾಡಿದರೆ ಅಕ್ಷರ ಮಸುಕಾಗುತ್ತದೆ, ಒಳಗೆ ಪದ ಹುಡುಕಲೂ ಆಗುವುದಿಲ್ಲ.

ಕಳಿಸುವ ಮುಂಚೆ ಪರೀಕ್ಷೆ ಮಾಡಿ. ಅಡೋಬಿ ರೀಡರ್‌ನಲ್ಲಿ ‘ಪ್ರಾಪರ್ಟೀಸ್’ಗೆ ಹೋಗಿ ‘ಫಾಂಟ್ಸ್’ ನೋಡಿ. ಪ್ರತಿ ಫಾಂಟಿನ ಮುಂದೆ ‘ಎಂಬೆಡೆಡ್’ (ಒಳಗೇ ಸೇರಿದೆ) ಅಂತ ಇರಬೇಕು. ಆಮೇಲೆ ಕನ್ನಡ ಟೈಪಿಂಗ್ ಗೊತ್ತೇ ಇಲ್ಲದವರ ಫೋನಿಗೆ ಕಳಿಸಿ, ತೆರೆದು ಓದಿಸಿ.

ಕಾಗದದ ಪ್ರತಿಯಾದರೆ ಸ್ಕ್ಯಾನರಿನಲ್ಲಿ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಅನ್ನುವ ಲೆಕ್ಕ) ಇಟ್ಟರೆ ಸಾಕು. ವರ್ಡ್ ಫೈಲನ್ನು ಮಾತ್ರ ಅಳಿಸಬೇಡಿ. ನಾಳೆ ಒಂದು ಹೆಸರು ತಿದ್ದಬೇಕಾದರೂ ಅದೇ ಬೇಕು.